ಯಾವ ಹಕ್ಕಿನಿಂದ ಮುಚ್ಚಿಟ್ಟಿರಿ? ಫ್ರಾಯ್ಡ್ ಎಂಬ ಬಾಯಿ ಕ್ಯಾನ್ಸರ್ ರೋಗಿಯ 16 ವರ್ಷ

ಸಿಗ್ಮಂಡ್ ಫ್ರಾಯ್ಡ್ ಮನೋವಿಶ್ಲೇಷಣೆಯ ಜನಕ ಎಂದು ಎಲ್ಲರಿಗೂ ಗೊತ್ತು. ಅವರು 16 ವರ್ಷ ಬಾಯಿ ಕ್ಯಾನ್ಸರ್ ಜೊತೆ ಬದುಕಿದ ರೋಗಿ ಎಂಬುದು ಅಷ್ಟಾಗಿ ಗೊತ್ತಿಲ್ಲ. ರೋಗ ಕಾಣಿಸಿಕೊಂಡದ್ದು 1923ರಲ್ಲಿ, ವಿಯೆನ್ನಾದಲ್ಲಿ, ಅವರಿಗೆ 66 ವರ್ಷವಾಗಿದ್ದಾಗ. ತೀರಿಕೊಂಡದ್ದು 1939ರಲ್ಲಿ, ಲಂಡನ್ನಿನಲ್ಲಿ, 83ನೇ ವಯಸ್ಸಿನಲ್ಲಿ. ನಡುವಿನ ವರ್ಷಗಳ ಬಗ್ಗೆ ಶಸ್ತ್ರವೈದ್ಯ ಹಾನ್ಸ್ ಪಿಶ್ಲರ್ ಬರೆದಿಟ್ಟ ಟಿಪ್ಪಣಿಗಳಿವೆ. ಖಾಸಗಿ ವೈದ್ಯ ಮ್ಯಾಕ್ಸ್ ಶುರ್ ದಾಖಲಿಸಿದ ನೆನಪುಗಳಿವೆ, ಶಿಷ್ಯ ಅರ್ನೆಸ್ಟ್ ಜೋನ್ಸ್ ಬರೆದ ಜೀವನಚರಿತ್ರೆಯಿದೆ, ಫ್ರಾಯ್ಡ್ ಅವರದೇ ಪತ್ರಗಳ ರಾಶಿಯಿದೆ. ಸಾವು ಎದುರಿಗೆ ಬಂದು ಕೂತ ಮೇಲೆ ಒಬ್ಬ ಮನುಷ್ಯನ ದಿನಗಳು ಹೇಗೆ ಕಳೆದವು ಎಂದು ತಿಳಿಯಲು ಇಷ್ಟು ದೀರ್ಘವಾದ ದಾಖಲೆ ಸಿಗುವುದು ಅಪರೂಪ.

ಉಪಶಾಮಕ ಆರೈಕೆಯ, ಅಂದರೆ ಗಂಭೀರ ರೋಗಿಗಳ ನೋವು, ಸಂಕಟ ತಗ್ಗಿಸುವ ಕೆಲಸದಲ್ಲಿರುವ ನನಗೆ ಈ ಪ್ರಕರಣ ಓದಿದಷ್ಟೂ ಒಂದು ಮಾತು ಗಟ್ಟಿಯಾಗುತ್ತಾ ಬಂದಿದೆ. ಸಾಯುತ್ತೇನೆ ಎಂಬ ಅರಿವು ಫ್ರಾಯ್ಡ್ ಅವರ ಬದುಕನ್ನು ಹಾಳು ಮಾಡಲಿಲ್ಲ. ಹಾಳು ಮಾಡಿದ ಸಂಗತಿಗಳು ಬೇರೆ ಇದ್ದವು. ಅವುಗಳಲ್ಲಿ ಕೆಲವನ್ನು ಸುತ್ತಲಿನವರು ತಪ್ಪಿಸಬಹುದಿತ್ತು.

ಬಿಳಿ ಮಚ್ಚೆ

ಫ್ರಾಯ್ಡ್ 24ರ ಹರೆಯದಲ್ಲಿ ಹೊಗೆ ಶುರು ಮಾಡಿದವರು. ದಿನಕ್ಕೆ ಸುಮಾರು 20 ಚುರುಟು. 1923ರ ಫೆಬ್ರವರಿಯಲ್ಲಿ ಬಲಗಡೆ ಅಂಗುಳದ ಮೇಲೆ ಗಂಟಿನಂಥದ್ದು ಕಂಡಿತು. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಚುರುಟು ಬಿಡಿ ಅಂದುಬಿಡುತ್ತಾರೆ ಎನ್ನುವ ಭಯವೂ ಇತ್ತು. ಇದನ್ನು ಓದುವಾಗ ನಮ್ಮ ಕಡೆಯ ರೋಗಿಗಳೇ ಕಣ್ಣ ಮುಂದೆ ಬರುತ್ತಾರೆ. ಹೊಗೆಸೊಪ್ಪು, ಗುಟ್ಕಾ, ಎಲೆಅಡಿಕೆ ಹಾಕುವವರ ಬಾಯಲ್ಲಿ ಬಿಳಿ ಮಚ್ಚೆ ಎದ್ದರೆ 'ಉಷ್ಣ ಆಗಿದೆ, ತಾನೇ ಹೋಗುತ್ತೆ' ಎಂದು ತಿಂಗಳುಗಟ್ಟಲೆ ದೂಡುತ್ತಾರೆ. ಫ್ರಾಯ್ಡ್ ಸ್ವತಃ ವೈದ್ಯರಾಗಿದ್ದೂ ದೂಡಿದರು.

ಏಪ್ರಿಲ್ ತಿಂಗಳಲ್ಲಿ ವೈದ್ಯ ಫೆಲಿಕ್ಸ್ ಡಾಯ್ಚ್ ಮನೆಗೆ ಬಂದಿದ್ದಾಗ ಬಾಯಿ ತೆರೆದು ತೋರಿಸಿದರು. ಡಾಯ್ಚ್‌ಗೆ ನೋಡಿದ ಕೂಡಲೇ ಕ್ಯಾನ್ಸರ್ ಎಂದು ತಿಳಿಯಿತು. ಬಾಯಲ್ಲಿ ಹೇಳಿದ್ದು ಮಾತ್ರ ಲ್ಯೂಕೋಪ್ಲೇಕಿಯಾ, ಅಂದರೆ ಬರೀ ಬಿಳಿ ಮಚ್ಚೆ, ತೆಗೆಸಿಬಿಡಿ ಎಂದು. ಆ ಭೇಟಿಯಲ್ಲೇ ಫ್ರಾಯ್ಡ್ ಒಂದು ಮಾತು ಕೇಳಿದ್ದರು: ನರಳಿ ಸಾಯುವ ಸ್ಥಿತಿ ಬಂದರೆ ಮರ್ಯಾದೆಯಿಂದ ಈ ಲೋಕ ಬಿಡಲು ನೆರವಾಗುತ್ತೀರಾ? ತಮ್ಮ ಮುದಿ ತಾಯಿ ಸುದ್ದಿಯನ್ನು ಹೇಗೆ ತಡೆದುಕೊಂಡಾಳು ಎಂಬ ಚಿಂತೆಯನ್ನೂ ಹೇಳಿಕೊಂಡರು. ಡಾಯ್ಚ್‌ಗೆ ಇದು ಆತ್ಮಹತ್ಯೆಯ ಸುಳಿವಾಗಿ ಕೇಳಿಸಿತು. ನಿಜ ಹೇಳಿದರೆ ಅನಾಹುತವಾದೀತು ಎಂದು ಮುಚ್ಚಿಟ್ಟರು.

ಮೊದಲ ಶಸ್ತ್ರಚಿಕಿತ್ಸೆಯನ್ನು ಮಾರ್ಕಸ್ ಹಾಯೆಕ್ ಎಂಬ ತಜ್ಞರು ಹೊರರೋಗಿ ವಿಭಾಗದಲ್ಲೇ ಮಾಡಿದರು. ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು ಎನ್ನುವ ಲೆಕ್ಕ. ಫ್ರಾಯ್ಡ್ ಮನೆಯವರಿಗೂ ತಿಳಿಸಿರಲಿಲ್ಲ. ರಾತ್ರಿ ಇರಬೇಕಾದೀತು, ಬೇಕಾದ ಸಾಮಾನು ತನ್ನಿ ಎಂದು ಆಸ್ಪತ್ರೆಯಿಂದ ಕರೆ ಬಂದಾಗ ಹೆಂಡತಿ ಮಾರ್ತಾ, ಮಗಳು ಅನ್ನಾ ಓಡಿದರು. ಅವರು ಕಂಡದ್ದು ಒಂದು ಅಡುಗೆಮನೆ ಕುರ್ಚಿಯ ಮೇಲೆ ಕೂತಿದ್ದ ಫ್ರಾಯ್ಡ್ ಅವರನ್ನು. ಬಟ್ಟೆ ತುಂಬ ರಕ್ತ. ವಾರ್ಡಿನಲ್ಲಿ ಹಾಸಿಗೆ ಖಾಲಿಯಿಲ್ಲದೆ ಚಿಕ್ಕ ಕೋಣೆಯೊಂದರಲ್ಲಿ ಮಲಗಿಸಿದರು. ಅಲ್ಲಿ ಆಗಲೇ ಇದ್ದವನು ಬುದ್ಧಿ ಬೆಳೆಯದ ಒಬ್ಬ ಕುಬ್ಜ ರೋಗಿ. ಊಟದ ಹೊತ್ತಿಗೆ ಮನೆಯವರನ್ನು ಹೊರಗೆ ಕಳಿಸಿದರು. ಆಗ ಮತ್ತೆ ರಕ್ತ ಕಿತ್ತುಕೊಂಡಿತು. ಕೂಗಲು ಬಾಯಿ ಇಲ್ಲ, ಒತ್ತಿದರೆ ಗಂಟೆ ಕೆಟ್ಟಿದೆ. ಆ ರೋಗಿಯೇ ಎದ್ದು ಓಡಿಹೋಗಿ ನರ್ಸನ್ನು ಕರೆತಂದ. ಆ ದಿನ ಫ್ರಾಯ್ಡ್ ಬದುಕಿದ್ದು ಅವನಿಂದ ಎಂದೇ ಹೇಳಬೇಕು. ತಿರುಗಿ ಬಂದ ಅನ್ನಾ ಮತ್ತೆ ಜಾಗ ಬಿಟ್ಟು ಕದಲಲಿಲ್ಲ; ರಾತ್ರಿಯಿಡೀ ಪಕ್ಕದಲ್ಲೇ ಕೂತರು.

ಆಮೇಲೆ ಎಕ್ಸ್‌ರೇ, ರೇಡಿಯಂ ಚಿಕಿತ್ಸೆಯೂ ನಡೆಯಿತು. ಅದು ಏಕೆಂದು ರೋಗಿಗೆ ಆಗಲೂ ಬಿಡಿಸಿ ಹೇಳಲಿಲ್ಲ. ಆಗಸ್ಟ್ ಹೊತ್ತಿಗೆ ಆಪ್ತ ಶಿಷ್ಯರ ಗುಂಪು ಇಟಲಿಯಲ್ಲಿ ಸೇರಿದಾಗ ಡಾಯ್ಚ್ ಅವರಿಗೆಲ್ಲ ಗುಟ್ಟು ಬಿಟ್ಟುಕೊಟ್ಟರು. ಹೇಳಬೇಕೋ ಬೇಡವೋ ಎಂದು ಚರ್ಚೆಯಾಯಿತು. ಸದ್ಯಕ್ಕೆ ಬೇಡ ಎಂದು ತೀರ್ಮಾನವಾಯಿತು. ಮನಸ್ಸಿನ ಆಳಕ್ಕೆ ಇಳಿಯುವುದನ್ನೇ ಕಸುಬು ಮಾಡಿಕೊಂಡವರು ಸುತ್ತ ಕೂತು, ತಮ್ಮ ಗುರುವಿನ ರೋಗವನ್ನು ಗುರುವಿನಿಂದಲೇ ಮರೆಮಾಡಿದರು. ಫ್ರಾಯ್ಡ್ ಮಗಳನ್ನು ಕರೆದುಕೊಂಡು ರೋಮ್‌ಗೆ ಹೊರಟಾಗ ರೈಲಿನಲ್ಲಿ ಬಾಯಿಂದ ರಕ್ತ ಚಿಮ್ಮಿತು. ಇಬ್ಬರಿಗೂ ಅನುಮಾನ ಬಂದಿತ್ತು. ಇಬ್ಬರೂ ಒಬ್ಬರ ಮುಂದೊಬ್ಬರು ಬಾಯಿ ಬಿಡಲಿಲ್ಲ.

ಎಷ್ಟೋ ವರ್ಷದ ಮೇಲೆ ಲಂಡನ್ನಿನಲ್ಲಿ ಜೋನ್ಸ್ ಮಾತಿನ ನಡುವೆ ಈ ಹಳೆಯ ಚರ್ಚೆಯ ವಿಷಯ ತೆಗೆದರು. ಮುದುಕನ ಕಣ್ಣು ಕೆಂಡವಾಯಿತಂತೆ. ಯಾವ ಹಕ್ಕಿನಿಂದ, ಎಂದು ಕೇಳಿದರು.

ಬಾಗಿಲ ಹೊರಗಿನ ಮಾತು

ನಮ್ಮ ಆಸ್ಪತ್ರೆಗಳಲ್ಲಿ ಈ ಸನ್ನಿವೇಶ ನೂರು ವರ್ಷದ ಹಿಂದಿನದಲ್ಲ. ರೋಗಿಯನ್ನು ಒಳಗೆ ಕೂರಿಸಿ ಮಗ ಒಬ್ಬನೇ ಹೊರಗೆ ಬರುತ್ತಾನೆ. 'ಅಪ್ಪಂಗೆ ಹೇಳ್ಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ. ಅಲ್ಸರ್ ಅಂತ ಹೇಳಿದೀವಿ.' ಹೀಗೆ ಹೇಳುವವರಲ್ಲಿ ಕೆಟ್ಟವರು ಯಾರೂ ಇಲ್ಲ; ಪ್ರೀತಿಯಿಂದಲೇ ಹೇಳುತ್ತಾರೆ. ಡಾಯ್ಚ್ ಕೂಡ ಪ್ರೀತಿಯಿಂದಲೇ ಮುಚ್ಚಿಟ್ಟದ್ದು. ಆದರೆ ಅಪ್ಪ ಕಿಮೋ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವನನ್ನು ನೋಡಿರುತ್ತಾನೆ, ಫೈಲಿನ ಮೇಲಿನ ಆಸ್ಪತ್ರೆಯ ಹೆಸರು ಓದಿರುತ್ತಾನೆ. ಗೊತ್ತಿಲ್ಲದವನಂತೆ ನಟಿಸುವ ಕೆಲಸ ಅವನ ಪಾಲಿಗೆ ಬೀಳುತ್ತದೆ. ಜಮೀನು ಯಾರ ಹೆಸರಿಗೆ, ಮಗಳ ಮದುವೆ ಏನು, ಮಾತು ಬಿಟ್ಟ ತಮ್ಮನನ್ನು ಒಮ್ಮೆ ಕರೆಸಲೇ ಎಂಬುದನ್ನೆಲ್ಲ ಅವನು ಯಾರ ಹತ್ತಿರ ಕೇಳಬೇಕು?

ಸಾವಿನ ಬಗ್ಗೆ ಫ್ರಾಯ್ಡ್ ತಾವಾಗಿ ಮಾತೆತ್ತಿದ್ದರು. ನನ್ನ ಓದಿನಲ್ಲಿ ಇಡೀ ಪ್ರಕರಣದ ಕೀಲು ಇಲ್ಲಿದೆ. ಆ ಪ್ರಶ್ನೆಯಲ್ಲಿ ಸಾಯುವ ಆಸೆಗಿಂತ ಹೆಚ್ಚಾಗಿ, ಕೊನೆಗೆ ನನ್ನನ್ನು ಒಬ್ಬನೇ ಬಿಡುತ್ತೀರಾ ಎಂಬ ಆತಂಕವಿತ್ತು. 'ಯಾಕೆ ಹಾಗೆ ಕೇಳ್ತಿದೀರಿ, ಯಾವುದಕ್ಕೆ ಹೆದರಿಕೆ ಆಗ್ತಿದೆ?' ಎಂದು ಡಾಯ್ಚ್ ಅಂದು ತಿರುಗಿ ಕೇಳಿದ್ದರೆ ಸಾಕಿತ್ತು. ಕೇಳದೆ ಹೋದದ್ದರಿಂದ ಅವರು ಫ್ರಾಯ್ಡ್ ಅವರ ವೈದ್ಯರಾಗಿ ಉಳಿಯಲಿಲ್ಲ. ಸ್ನೇಹ ಮುಂದೆ ಕೂಡಿಕೊಂಡಿತು, ನಂಬಿಕೆ ಕೂಡಿಕೊಳ್ಳಲಿಲ್ಲ.

'ರಾಕ್ಷಸ'

1923ರ ಅಕ್ಟೋಬರಿನಲ್ಲಿ ಪಿಶ್ಲರ್ ಎರಡು ಹಂತದ ದೊಡ್ಡ ಶಸ್ತ್ರಚಿಕಿತ್ಸೆ ಮಾಡಿದರು. ಬಲಗಡೆಯ ಮೇಲ್ದವಡೆಯ ಬಹುಭಾಗ, ಅಂಗುಳ, ಕೆಳದವಡೆಯ ಒಂದಷ್ಟು ಹೋಯಿತು. ಬಾಯಿ, ಮೂಗು ಒಂದೇ ಗುಹೆಯಾದವು. ಎರಡನ್ನೂ ಬೇರ್ಪಡಿಸಲು ದೊಡ್ಡ ದಂತಪಂಕ್ತಿಯಂಥ ಕೃತಕ ಅಂಗುಳ ಮಾಡಿಸಿದರು. ಮನೆಯಲ್ಲಿ ಅದಕ್ಕೆ ಇಟ್ಟ ಹೆಸರು 'ರಾಕ್ಷಸ'. ಬಿಗಿಯಾಗಿ ಕೂರದಿದ್ದರೆ ಮಾತು, ಊಟ ಆಗದು. ಬಿಗಿಯಾಗಿ ಕೂತರೆ ಹುಣ್ಣು, ಉರಿ. ತೆಗೆದು ತೊಳೆದು ಮತ್ತೆ ಹಾಕುವುದೇ ಒಂದು ಯುದ್ಧ. ಒಮ್ಮೆ ಫ್ರಾಯ್ಡ್, ಅನ್ನಾ ಇಬ್ಬರೂ ಸೇರಿ ಹೆಣಗಿದರೂ ಒಳಕ್ಕೆ ಕೂರದೆ ಕೊನೆಗೆ ಶಸ್ತ್ರವೈದ್ಯರನ್ನೇ ಕರೆಸಬೇಕಾಯಿತು. ಮುಂದಿನ ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಕತ್ತಿ ಆಡಿತು.

ಮಾತು ಮೂಗಿನಿಂದ ಬರತೊಡಗಿತು. ಬಲಗಿವಿ ಹೋಯಿತು; ರೋಗಿಗಳ ಮಾತು ಎಡಗಿವಿಗೆ ಕೇಳಲೆಂದು ಮಂಚ, ಕುರ್ಚಿಗಳ ಜಾಗ ಬದಲಾಯಿಸಿದರು. ಇತರರ ಎದುರಿಗೆ ಊಟಕ್ಕೆ ಕೂರುವುದು ಬಿಟ್ಟರು. 1930ರಲ್ಲಿ ಫ್ರಾಂಕ್‌ಫರ್ಟ್ ನಗರ ಗಯಟೆ ಪ್ರಶಸ್ತಿ ಕೊಟ್ಟಾಗ ಹೋಗಿ ಭಾಷಣ ಓದಿ ಬಂದವರು ಅನ್ನಾ. ಇಷ್ಟಾದರೂ ಚುರುಟು ಬಿಡಲಿಲ್ಲ. ದವಡೆ ತೆರೆಯದಿದ್ದಾಗ ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಹಲ್ಲಿನ ನಡುವೆ ತುರುಕಿ ಸಂದಿ ಮಾಡಿಕೊಂಡು ಚುರುಟು ಇಡುತ್ತಿದ್ದರಂತೆ. ಹೊಸ ಮಚ್ಚೆಗಳು ಏಳುತ್ತಲೇ ಇದ್ದುದಕ್ಕೆ ಹೊಗೆಯ ಪಾಲು ಇದ್ದೇ ಇರಬೇಕು. ನಾನು ಅವರ ವೈದ್ಯರಾಗಿದ್ದರೆ ಜಗಳವಾಡುತ್ತಿದ್ದೆ. ಚುರುಟು ಇಲ್ಲದಿದ್ದರೆ ತಲೆ ಓಡುವುದಿಲ್ಲ, ಬರೆಯಲಾಗುವುದಿಲ್ಲ ಎಂಬುದು ಅವರ ವಾದ.

ಕ್ಯಾನ್ಸರ್ ರೋಗಿಗಳ ಜೀವನ ಗುಣಮಟ್ಟ ಅಳೆಯಲು ಈಗ ಯುರೋಪಿನಲ್ಲಿ ರೂಪುಗೊಂಡ 30 ಪ್ರಶ್ನೆಗಳ ಒಂದು ನಮೂನೆ ಬಳಕೆಯಲ್ಲಿದೆ. ತಲೆ, ಕುತ್ತಿಗೆಯ ಕ್ಯಾನ್ಸರ್‌ಗೆ ಅದರ ಜೊತೆ ಇನ್ನೊಂದು ಪಟ್ಟಿ ಸೇರುತ್ತದೆ: ನುಂಗಲು ಕಷ್ಟವೇ, ಮಾತು ಸ್ಪಷ್ಟವೇ, ಮನೆಯವರ ಎದುರು ಊಟ ಮಾಡಲು ಸಂಕೋಚವೇ, ಬಾಯಿ ತೆರೆಯುತ್ತದೆಯೇ. ಫ್ರಾಯ್ಡ್ ಈ ಪಟ್ಟಿ ತುಂಬಿದ್ದರೆ ಅಂಕಗಳು ಪಾತಾಳದಲ್ಲಿರುತ್ತಿದ್ದವು. ಆದರೆ ಅದೇ 30ರಲ್ಲಿ ಕೊನೆಯ ಪ್ರಶ್ನೆ, ಒಟ್ಟಾರೆ ನಿಮ್ಮ ಜೀವನದ ಗುಣಮಟ್ಟ ಹೇಗಿದೆ ಎಂದು 1ರಿಂದ 7ರೊಳಗೆ ಗುರುತಿಸಿ ಎನ್ನುತ್ತದೆ. ಅಲ್ಲಿ ಏನು ಬರೆಯುತ್ತಿದ್ದರೋ ಹೇಳುವುದು ಸುಲಭವಲ್ಲ. ದಿನವೂ ರೋಗಿಗಳನ್ನು ನೋಡುತ್ತಿದ್ದರು, ಪತ್ರಗಳಿಗೆ ಉತ್ತರ ಬರೆಯುತ್ತಿದ್ದರು, ಒಂದರ ಹಿಂದೊಂದು ಪುಸ್ತಕ ಮುಗಿಸುತ್ತಿದ್ದರು. ಸಾಕಿದ ಚೌ ನಾಯಿಗಳ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದರು. ಬಾಯಿಯ ಸ್ಥಿತಿಯನ್ನೂ ಬದುಕಿನ ಗುಣಮಟ್ಟವನ್ನೂ ಒಂದೇ ಎಂದುಕೊಂಡರೆ ಇಂಥ ರೋಗಿ ನಮಗೆ ಅರ್ಥವಾಗುವುದಿಲ್ಲ.

ಹೈನೆಲೆ

ಮೊದಲ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಿಗೆ, ಅದೇ 1923ರ ಜೂನ್‌ನಲ್ಲಿ, ಮೊಮ್ಮಗ ಹೈನೆಲೆ ಕ್ಷಯದಿಂದ ಸತ್ತ. ನಾಲ್ಕೂವರೆ ವರ್ಷದ ಮಗು. ಅವನ ತಾಯಿ, ಫ್ರಾಯ್ಡ್ ಮಗಳು ಸೋಫಿ, 1920ರ ಇನ್‌ಫ್ಲುಯೆಂಜಾದಲ್ಲಿ ಆಗಲೇ ಹೋಗಿದ್ದಳು. ತಮ್ಮ ಕ್ಯಾನ್ಸರ್‌ಗೆ ಒಂದು ಹನಿ ಕಣ್ಣೀರು ಹಾಕದ ಮನುಷ್ಯ ಈ ಮಗುವಿಗಾಗಿ ಅತ್ತರು. ಮೂರು ವರ್ಷದ ಮೇಲೆ ಗೆಳೆಯ ಬಿನ್ಸ್‌ವಾಂಗರ್‌ಗೆ ಬರೆದ ಪತ್ರದಲ್ಲಿ ಮನಸ್ಸು ಬಿಚ್ಚಿದ್ದಾರೆ: ಆ ಮಗು ಹೋದ ಮೇಲೆ ಬದುಕಿನ ಸವಿಯೇ ಹೋಯಿತು, ನನ್ನ ರೋಗದ ಬಗ್ಗೆ ನಾನು ತೋರುವ ಉದಾಸೀನದ ಗುಟ್ಟು ಅದೇ, ಜನ ಅದನ್ನು ಧೈರ್ಯ ಎನ್ನುತ್ತಾರೆ.

ಈ ಪತ್ರದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. 'ನಮ್ಮ ಯಜಮಾನ್ರು ತುಂಬಾ ಧೈರ್ಯವಂತ್ರು, ಸಾವಿಗೆ ಹೆದರಲ್ಲ' ಎಂದು ಮನೆಯವರು ಹೆಮ್ಮೆಯಿಂದ ಹೇಳುವಾಗ ನಾವೂ ತಲೆದೂಗಿ ಮುಂದೆ ಹೋಗುತ್ತೇವೆ. ಆ ಧೈರ್ಯದ ಅಡಿಯಲ್ಲಿ ಹೆಂಡತಿಯ ಸಾವು ಇರಬಹುದು, ಬೆಳೆದ ಮಗನನ್ನು ಕಳೆದುಕೊಂಡ ದುಃಖ ಇರಬಹುದು, ಸಾಕಾಗಿದೆ ಎಂಬ ಖಿನ್ನತೆಯೂ ಇರಬಹುದು. ತನ್ನ ಸಾವಿನ ಎದುರು ಶಾಂತವಾಗಿ ಕೂತವರೆಲ್ಲ ಸಮಾಧಾನದಲ್ಲಿ ಇರುತ್ತಾರೆ ಎಂದೇನಿಲ್ಲ. ಕೇಳಬೇಕಾದದ್ದು ಕ್ಯಾನ್ಸರ್ ಬಗ್ಗೆ ಮಾತ್ರವಲ್ಲ. 'ಇದಕ್ಕೆ ಮೊದಲು ಯಾರನ್ನಾದರೂ ಕಳ್ಕೊಂಡಿದೀರಾ?' ಎಂಬ ಒಂದು ಪ್ರಶ್ನೆ ಎಷ್ಟೋ ಸಲ ಔಷಧದ ಚೀಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಶುರ್ ಕೊಟ್ಟ ಎರಡು ಮಾತು

ಶಿಷ್ಯೆ, ರಾಜಕುಮಾರಿ ಮೇರಿ ಬೊನಾಪಾರ್ಟ್ ಒತ್ತಾಯದಿಂದ ಮ್ಯಾಕ್ಸ್ ಶುರ್ ಎಂಬ ತರುಣ ವೈದ್ಯರು ಫ್ರಾಯ್ಡ್ ಆರೈಕೆಗೆ ಬಂದರು. 1929ರ ಸುಮಾರು. ಮೊದಲ ಭೇಟಿಯಲ್ಲೇ ಫ್ರಾಯ್ಡ್ ಷರತ್ತು ಹಾಕಿದರು: ಯಾವಾಗಲೂ ನಿಜ ಹೇಳಬೇಕು, ಕೊನೆಗಾಲ ಬಂದಾಗ ಸುಮ್ಮನೆ ನರಳಲು ಬಿಡಬಾರದು. ಶುರ್ ಒಪ್ಪಿದರು. ಇಬ್ಬರೂ ಕೈ ಕುಲುಕಿದರು.

ಆಮೇಲಿನ ಹತ್ತು ವರ್ಷದಲ್ಲಿ ರೋಗ ಕಡಿಮೆಯಾಗಲಿಲ್ಲ, ಜೊತೆಗೆ ಹಿಟ್ಲರ್ ಬಂದ. 1938ರ ಮಾರ್ಚ್‌ನಲ್ಲಿ ಆಸ್ಟ್ರಿಯಾ ನಾಜಿಗಳ ಕೈ ಸೇರಿತು. ಜೂನ್‌ನಲ್ಲಿ 82 ವರ್ಷದ ರೋಗಿ ಊರು ಬಿಟ್ಟು ಲಂಡನ್ ಸೇರಬೇಕಾಯಿತು. ಇಷ್ಟೆಲ್ಲದರ ನಡುವೆಯೂ ಸಾವಿನ ಭಯ ಅವರನ್ನು ಆಳಿದಂತೆ ಪತ್ರಗಳಲ್ಲಿ ಕಾಣುವುದಿಲ್ಲ. ಶುರ್ ಕೊಟ್ಟ ಮಾತು ಅದಕ್ಕೆ ಒಂದು ದೊಡ್ಡ ಕಾರಣ ಎಂದು ನನ್ನ ನಂಬಿಕೆ. ಕೊನೆ ಹೇಗಾಗುತ್ತದೋ ಎಂಬ ಚಿಂತೆಯನ್ನು ಒಬ್ಬರ ಕೈಗೆ ಒಪ್ಪಿಸಿದ ಮೇಲೆ ಉಳಿದ ದಿನ ಬದುಕಲು ಬಿಡುವು ಸಿಗುತ್ತದೆ.

ಇದು ಒಬ್ಬ ರೋಗಿಯನ್ನು ನೋಡಿ ಹೇಳುವ ಮಾತಷ್ಟೇ ಅಲ್ಲ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಜೆನಿಫರ್ ಟೆಮೆಲ್ ತಂಡ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಹರಡಿದ ಶ್ವಾಸಕೋಶ ಕ್ಯಾನ್ಸರ್ ಇದ್ದ 151 ಮಂದಿ. ಅರ್ಧ ಜನರಿಗೆ ಎಂದಿನ ಚಿಕಿತ್ಸೆ. ಇನ್ನರ್ಧಕ್ಕೆ ಅದರ ಜೊತೆ ಮೊದಲಿನಿಂದಲೇ ಉಪಶಾಮಕ ಆರೈಕೆ. ಅಂದರೆ ನೋವು, ಮನಸ್ಸು, ಮುಂದೇನು ಎಂಬ ಮಾತುಕತೆ. ಎರಡನೇ ಗುಂಪಿನವರ ಜೀವನ ಗುಣಮಟ್ಟ ಉತ್ತಮವಾಗಿತ್ತು. ಖಿನ್ನತೆಯ ಲಕ್ಷಣ ಮೊದಲ ಗುಂಪಿನಲ್ಲಿ ನೂರಕ್ಕೆ 38 ಮಂದಿಗೆ, ಇವರಲ್ಲಿ 16 ಮಂದಿಗೆ. ಕೊನೆಗಾಲದ ಉಗ್ರ ಚಿಕಿತ್ಸೆ ಕಡಿಮೆ ಪಡೆದರೂ ಬದುಕಿದ ಮಧ್ಯಮ ಅವಧಿ 8.9 ತಿಂಗಳ ಬದಲು 11.6 ತಿಂಗಳು. ಸಾವಿನ ಮಾತೆತ್ತಿದರೆ ರೋಗಿ ಬೇಗ ಕುಸಿಯುತ್ತಾನೆ ಎಂದು ಹೇಳುವವರಿಗೆ ಇದನ್ನು ತೋರಿಸುತ್ತೇನೆ.

ಆಸ್ಪಿರಿನ್ ಮಾತ್ರ

ಫ್ರಾಯ್ಡ್ ಅವರನ್ನು ಮಾದರಿ ಎಂದು ಹಿಡಿಯಲಾಗದ ಒಂದು ವಿಷಯವಿದೆ. ಕೊನೆಯವರೆಗೂ ಅವರು ಆಸ್ಪಿರಿನ್‌ಗಿಂತ ಬಲವಾದ ನೋವುನಿವಾರಕವನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಮಂಕಾಗಿ ಕೂರುವುದಕ್ಕಿಂತ ನೋವಿನಲ್ಲೇ ಯೋಚಿಸುತ್ತೇನೆ ಎನ್ನುವುದು ಅವರ ಹಟ. ಅಂದಿನ ಔಷಧ ಪದ್ಧತಿಯಲ್ಲಿ ಆ ಭಯಕ್ಕೆ ಆಧಾರವಿತ್ತು. ಇಂದು ಇಲ್ಲ. ಅವರು ತೀರಿಕೊಂಡ ಅದೇ ಲಂಡನ್ನಿನಲ್ಲಿ 1967ರಲ್ಲಿ ಸಿಸಿಲಿ ಸಾಂಡರ್ಸ್ ಸೇಂಟ್ ಕ್ರಿಸ್ಟೋಫರ್ಸ್ ಎಂಬ, ಕೊನೆಗಾಲದ ರೋಗಿಗಳ ಆಶ್ರಯಧಾಮ (ಹಾಸ್ಪಿಸ್) ತೆರೆದರು. ನೋವು ಬರುವವರೆಗೆ ಕಾಯದೆ, ಹೊತ್ತು ಹೊತ್ತಿಗೆ ಅಳತೆಯಲ್ಲಿ ಮಾರ್ಫಿನ್ ಕುಡಿಸಿದರೆ ನೋವೂ ಹಿಡಿತಕ್ಕೆ ಬರುತ್ತದೆ, ಬುದ್ಧಿಯೂ ಎಚ್ಚರವಾಗಿರುತ್ತದೆ ಎಂದು ಅಲ್ಲಿ ಮಾಡಿ ತೋರಿಸಿದರು. ಮೈಯ ನೋವಿಗೆ ಮನಸ್ಸಿನ, ಸಂಸಾರದ, ನಂಬಿಕೆಯ ನೋವುಗಳು ಹೆಣೆದುಕೊಂಡಿರುತ್ತವೆ ಎಂದು ಹೇಳಿಕೊಟ್ಟವರೂ ಅವರೇ.

ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಪರವಾನಗಿಗಳ ಗೋಜಿನಲ್ಲಿ ಬಹಳಷ್ಟು ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಅಫೀಮು ಬೆಳೆದು ಹೊರದೇಶಕ್ಕೆ ಮಾರುವ ದೇಶದಲ್ಲಿ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಸಿಗುತ್ತಿರಲಿಲ್ಲ. 2014ರ ತಿದ್ದುಪಡಿ ದಾರಿ ಸಡಿಲಿಸಿತು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆ ಹಣ ಪಡೆಯದೆ ಈ ಆರೈಕೆ ಕೊಡುತ್ತಿದೆ. ಆದರೂ 'ಮಾರ್ಫಿನ್ ಶುರು ಮಾಡಿದ್ರೆ ಇನ್ನು ಆಯ್ತು ಅಂತ ಅರ್ಥ' ಎಂದು ಮಾತ್ರೆಯನ್ನು ದಿಂಬಿನಡಿ ಇಟ್ಟುಕೊಂಡು ರಾತ್ರಿಯಿಡೀ ಹಲ್ಲು ಕಚ್ಚುವವರಿದ್ದಾರೆ. ನಿದ್ದೆಯಿಲ್ಲದ, ನುಂಗಲಾಗದ ಮನುಷ್ಯನಿಗೆ ಬದುಕಿನ ಅರ್ಥ, ಸಾವಿನ ಸ್ವೀಕಾರ ಎಂದೆಲ್ಲ ಮಾತಾಡುವುದು ಅನ್ಯಾಯ. ಮೊದಲು ನೋವು ಇಳಿಯಬೇಕು.

ಮೇರ್ಸ್‌ಫೀಲ್ಡ್ ಗಾರ್ಡನ್ಸ್, 1939

ಆಗ ಫ್ರಾಯ್ಡ್ ಇದ್ದದ್ದು ಲಂಡನ್ನಿನ ಮೇರ್ಸ್‌ಫೀಲ್ಡ್ ಗಾರ್ಡನ್ಸ್ ಬೀದಿಯ ಮನೆಯಲ್ಲಿ. 1939ರ ಆರಂಭದಲ್ಲಿ ಗಡ್ಡೆ ಮತ್ತೆ ಎದ್ದಿತು. ಈ ಸಲ ಕತ್ತಿಗೆ ಎಟುಕದ ಜಾಗ. ಪ್ಯಾರಿಸ್ಸಿನಿಂದ ತಜ್ಞರು ಬಂದು ನೋಡಿದರು, ವಿಕಿರಣ ಚಿಕಿತ್ಸೆ ನಡೆಯಿತು, ಫಲ ಸಿಗಲಿಲ್ಲ. ಜುಲೈ ಕೊನೆಯವರೆಗೂ ರೋಗಿಗಳನ್ನು ನೋಡಿದರು. ಆಗಸ್ಟ್‌ನಲ್ಲಿ ಕೆನ್ನೆಯ ಚರ್ಮ ತೂತಾಯಿತು. ಕೊಳೆತ ವಾಸನೆಗೆ ನೊಣ ಮುತ್ತದಿರಲೆಂದು ಹಾಸಿಗೆಗೆ ಸೊಳ್ಳೆಪರದೆ ಕಟ್ಟಿದರು. ಅಷ್ಟು ಮುದ್ದಿನ ನಾಯಿ ಹತ್ತಿರ ಬರದೆ ಮೂಲೆಯಲ್ಲಿ ಮುದುಡಿ ಕೂರತೊಡಗಿತು. ಬಾಯಿ ಕ್ಯಾನ್ಸರ್ ಹುಣ್ಣಿನ ವಾಸನೆ ಏನು ಮಾಡುತ್ತದೆಂದು ಮನೆಭೇಟಿಗೆ ಹೋಗುವ ನರ್ಸ್‌ಗಳಿಗೆ ಗೊತ್ತು: ಮಕ್ಕಳನ್ನು ಕೋಣೆಗೆ ಬಿಡುವುದಿಲ್ಲ, ನೆಂಟರು ಬಾಗಿಲಲ್ಲೇ ನಿಂತು ಹೋಗುತ್ತಾರೆ, ರೋಗಿ ತಾನೇ ಗೋಡೆ ಕಡೆ ತಿರುಗಿ ಮಲಗುತ್ತಾನೆ. ಇಂದು ಮೆಟ್ರೊನಿಡಜೋಲ್ ಎಂಬ ಮಾತ್ರೆಯ ಪುಡಿ ಉದುರಿಸಿ ಡ್ರೆಸ್ಸಿಂಗ್ ಮಾಡಿದರೆ ಕೆಲವೇ ದಿನಗಳಲ್ಲಿ ವಾಸನೆ ಬಹಳ ಇಳಿಯುತ್ತದೆ. ನಾಲ್ಕು ಕಾಸಿನ ಮಾತ್ರೆ. ಮೊಮ್ಮಗು ಮತ್ತೆ ಹಾಸಿಗೆ ಹತ್ತುತ್ತದೆ. ಜೀವನ ಗುಣಮಟ್ಟ ಎಂದರೆ ನನಗೆ ಮೊದಲು ನೆನಪಾಗುವುದು ಇದು.

ಸೆಪ್ಟೆಂಬರ್ 21ರಂದು ಫ್ರಾಯ್ಡ್ ಶುರ್ ಅವರ ಕೈ ಹಿಡಿದು, ಮೊದಲ ದಿನ ಕೊಟ್ಟ ಮಾತನ್ನು ನೆನಪಿಸಿದರು. ಈಗ ಉಳಿದಿರುವುದು ಬರೀ ಯಾತನೆ, ಇದಕ್ಕೆ ಅರ್ಥವಿಲ್ಲ ಎಂದರು. ಅನ್ನಾಗೂ ತಿಳಿಸಿ ಎಂದರು. ಶುರ್ ಮರೆತಿರಲಿಲ್ಲ. ಮಾರ್ಫಿನ್ ಕೊಡಲಾಯಿತು, 23ರ ನಸುಕಿನಲ್ಲಿ ಫ್ರಾಯ್ಡ್ ತೀರಿಕೊಂಡರು.

ಜೀವ ಮುಗಿಸುವ ಉದ್ದೇಶದಿಂದ ಔಷಧ ಕೊಡಲು ಭಾರತದ ಕಾನೂನಿನಲ್ಲಿ ಅವಕಾಶವಿಲ್ಲ. ನೋವು ತಗ್ಗಿಸಲು ಅಳತೆ ನೋಡಿ ಮಾರ್ಫಿನ್ ಕೊಡುವುದು ಬೇರೆ, ಇದು ಬೇರೆ; ಎರಡನ್ನೂ ಕಲಸಬಾರದು. ವಾಸಿಯಾಗದ ಹಂತದಲ್ಲಿ ವೆಂಟಿಲೇಟರ್‌ನಂಥ ಜೀವರಕ್ಷಕ ಬೇಡ ಎಂದು ಮುಂಚೆಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಮಾನ್ಯ ಮಾಡಿತು, 2023ರಲ್ಲಿ ವಿಧಾನ ಸರಳಗೊಳಿಸಿತು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ. ರೋಗವನ್ನು ಮುಚ್ಚಿಟ್ಟ ಮನೆಯಲ್ಲಿ ಈ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ರೋಗವೇ ಗೊತ್ತಿಲ್ಲದವರು ಏನು ಬರೆದಿಟ್ಟಾರು?

ಅನ್ನಾ

ಈ ಪ್ರಕರಣವನ್ನು ಚರ್ಚಿಸುವವರು ಸಾಮಾನ್ಯವಾಗಿ ಶುರ್ ಬಗ್ಗೆ ಮಾತಾಡಿ ಮುಗಿಸುತ್ತಾರೆ. ನನ್ನ ಗಮನ ಅನ್ನಾ ಮೇಲಿದೆ. 27ನೇ ವಯಸ್ಸಿನಲ್ಲಿ ಆ ಚಿಕ್ಕ ಕೋಣೆಯಲ್ಲಿ ರಾತ್ರಿ ಕಳೆದ ಮಗಳು ಮುಂದಿನ 16 ವರ್ಷ ತಂದೆಯ ನರ್ಸ್ ಆಗಿದ್ದರು. ಬೇರೆ ನರ್ಸ್ ತಂದೆಗೆ ಬೇಕಿರಲಿಲ್ಲ. ಶುರುವಿನಲ್ಲೇ ಇಬ್ಬರ ನಡುವೆ ಒಪ್ಪಂದವಾಗಿತ್ತು: ಅಳು, ಕರುಣೆ ಯಾವುದನ್ನೂ ತೋರಿಸಕೂಡದು, ಕೆಲಸವನ್ನು ಕೆಲಸದಂತೆ ಮಾಡಬೇಕು. ಅನ್ನಾ ಹಾಗೇ ಮಾಡಿದರು. ಅದರ ಜೊತೆ ತಮ್ಮದೇ ವೃತ್ತಿ ನಡೆಸಿದರು, ಸಮ್ಮೇಳನಗಳಲ್ಲಿ ತಂದೆಯ ಪ್ರಬಂಧ ಓದಿದರು, ವಿಯೆನ್ನಾದಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಕಚೇರಿಗೆ ಹೋಗಿ ವಿಚಾರಣೆ ಎದುರಿಸಿ ಬಂದರು. ಕೊನೆಯ ತೀರ್ಮಾನವನ್ನೂ ಅವರ ಮುಂದಿಟ್ಟಾಗ ಇನ್ನಷ್ಟು ದಿನ ತಡೆಯಬೇಕೆಂದು ಬಯಸಿದ್ದರು, ಕೊನೆಗೆ ಒಪ್ಪಿದರು.

ತಂದೆಗೆ ನಿಜ ಹೇಳುವ ವೈದ್ಯರು ಸಿಕ್ಕರು, ಮಾತು ಉಳಿಸಿಕೊಳ್ಳುವ ವೈದ್ಯರು ಸಿಕ್ಕರು. ನಿಮಗೆ ಹೇಗಿದೆ ಎಂದು ಮಗಳನ್ನು ಕೂರಿಸಿ ಕೇಳಿದ ಉಲ್ಲೇಖ ನಾನು ಓದಿದ ಪುಟಗಳಲ್ಲಿ ಸಿಗಲಿಲ್ಲ. ನಮ್ಮ ಮನೆಗಳಲ್ಲಿ ಈ ಜಾಗದಲ್ಲಿ ಇರುವುದು ಬಹುಪಾಲು ಸೊಸೆ, ಹೆಂಡತಿ ಅಥವಾ ಮದುವೆಯಾಗದ ಮಗಳು. ರಾತ್ರಿ ಎರಡಕ್ಕೆ ಎದ್ದು ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಗಂಜಿ ಹಾಕುವವಳು, ಡ್ರೆಸ್ಸಿಂಗ್ ಬದಲಾಯಿಸುವವಳು, ರೋಗಿಯ ಸಿಟ್ಟಿಗೆ ಗುರಿಯಾಗುವವಳು. ಮನೆಭೇಟಿಗೆ ಹೋದಾಗ ರೋಗಿಯನ್ನು ನೋಡಿಯಾದ ಮೇಲೆ ಅವಳ ಜೊತೆ ಹಿತ್ತಲಲ್ಲೋ ಅಡುಗೆಮನೆಯಲ್ಲೋ ಬೇರೆಯಾಗಿ ಕೂತು ಮಾತಾಡುವುದನ್ನು ನಾವು ಭೇಟಿಯ ಭಾಗವಾಗಿಯೇ ಇಟ್ಟುಕೊಂಡಿದ್ದೇವೆ. ಫೈಲಿನಲ್ಲಿ ಅವಳಿಗೂ ಒಂದು ಪುಟ ಇರುತ್ತದೆ: ನಿದ್ದೆ ಎಷ್ಟು, ಊಟ ಆಗುತ್ತಿದೆಯೇ, ಒಂದು ದಿನ ಬದಲಿಗೆ ಕೂರುವವರು ಯಾರಾದರೂ ಇದ್ದಾರೆಯೇ, ರೋಗಿ ತೀರಿಕೊಂಡ ಮೇಲೆ ಯಾವಾಗ ಮತ್ತೆ ಬಂದು ನೋಡಬೇಕು.